ಸಂಡಾಸದ ಮೌನ

ಮನುಷ್ಯ ಬರುವಾಗಲೂ ಒಬ್ಬನೇ, ಹೋಗುವಾಗಲೂ ಒಬ್ಬನೇ ಎಂದು ಬಲ್ಲವರು ಹೇಳುತ್ತಾರೆ. ಅವರಾರೂ ಪುಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹೃದಯದ ರೋಗಿಯಾಗಿ ಬಾಳಿದಂತೆ ಕಾಣುವುದಿಲ್ಲ. ನಾನು ಮುಂಜಾನೆ ಸಂಡಾಸಕ್ಕೆ ಹೋಗುವಾಗ ಕೂಡ ಹೆಂಡತಿ ಬಾಗಿಲ ತನಕ ಬರುತ್ತಾಳೆ.

ಇದು ಶುರುವಾದದ್ದು ನಾನು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ. ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಆಸ್ಪತ್ರೆಯಿಂದ ಬಿಡುವ ದಿನ ಉಪ್ಪು, ಎಣ್ಣೆ, ಮೆಟ್ಟಿಲು ಎಲ್ಲವನ್ನೂ ನಿಷೇಧಿಸಿ, ನೀರನ್ನೂ ಅಳೆದು ಕುಡಿಯಬೇಕೆಂದು ವಿಧಿಸಿ, ಕೊನೆಗೆ ದನಿ ತಗ್ಗಿಸಿ ಮರಾಠಿಯಲ್ಲಿ ಹೇಳಿದರು: "ಕಾಕಾ, ಸಂಡಾಸದಲ್ಲಿ ತಿಣುಕಬೇಡಿ."

ಗುಮಾಸ್ತನಾಗಿ ನಿವೃತ್ತನಾದವನು ನಾನು. ಮೇಲಿನವರ ಎಷ್ಟೋ ಸುತ್ತೋಲೆಗಳನ್ನು ಪಾಲಿಸಿದ್ದೇನೆ, ಇಂಥದೊಂದು ಬಂದಿರಲಿಲ್ಲ. ಕಾರಣ ಕೇಳಿದೆ. ಉಸಿರು ಬಿಗಿಹಿಡಿದು ತಿಣುಕಿದರೆ ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ಮರಳಬೇಕಾದ ರಕ್ತ ದಾರಿಯಲ್ಲೇ ನಿಲ್ಲುತ್ತದಂತೆ. ಉಸಿರು ಬಿಟ್ಟ ಕೂಡಲೇ ಒಮ್ಮೆಲೇ ನುಗ್ಗುತ್ತದಂತೆ. "ಯೆರವಡಾದ ಸಿಗ್ನಲ್ ನೋಡಿದ್ದೀರಲ್ಲ, ಹಾಗೆ." ಸೋತ ಹೃದಯ ಆ ಗದ್ದಲದಲ್ಲಿ ತಾಳ ತಪ್ಪಬಹುದು, ಕಣ್ಣು ಕತ್ತಲಿಟ್ಟು ಬೀಳಬಹುದು. ಕೆಲವರು ಮತ್ತೆ ಏಳುವುದಿಲ್ಲ.

ಈ ಕೊನೆಯ ಮಾತನ್ನು ನನ್ನ ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತಂದೆ ಒಂದು ಮುಂಜಾನೆ ಒಳಗೆ ಹೋದವರು ಹೊರಗೆ ಬಂದದ್ದು ನಾಲ್ವರ ಕೈಮೇಲೆ. ನಾನು ಮನೆಗೆ ಬಂದ ಮರುದಿನ ನಮ್ಮ ಸಂಡಾಸದ ಬಾಗಿಲ ಹೊರಗೆ ಒಂದು ಸ್ಟೂಲು ಬಂತು.

"ನಾ ಕರೀತೀನಿ, ನೀವು ಓ ಅನಬೇಕು. ಅಷ್ಟ."

"ಒಳಗ ಮಾತಾಡಬಾರದು."

"ಜೀವಕ್ಕಿಂತ ನೇಮ ದೊಡ್ಡದೇನ್ರಿ?"

ತೊಡಕು ಇರುವುದು ಇಲ್ಲಿಯೇ. ಎಂಟನೇ ವಯಸ್ಸಿಗೆ ಮುಂಜಿಯಾದಂದಿನಿಂದ ನಾನು ಜನಿವಾರವನ್ನು ಬಲಗಿವಿಗೆ ಸುತ್ತಿಕೊಂಡೇ ಒಳಗೆ ಹೋಗುವವನು. ಅದು ಕಿವಿಯ ಮೇಲಿರುವ ತನಕ ಮೌನ, ಅಪ್ಪ ಕಲಿಸಿದ್ದು. ಸಂಧ್ಯಾವಂದನೆಯನ್ನು ಎಂದೋ ಬಿಟ್ಟೆ. ಹೋಟೆಲಿನ ಉಳ್ಳಾಗಡ್ಡಿ ಭಜಿಯನ್ನು ಬಿಡಲಿಲ್ಲ. ಧರ್ಮದ ಪೈಕಿ ನನ್ನಲ್ಲಿ ಉಳಿದದ್ದು ಸಂಡಾಸದ ಮೌನ ಒಂದೇ. ಅದೂ ಹೋದರೆ ಮೈಮೇಲೆ ಉಳಿಯುವುದು ಬರೀ ದಾರ.

ಸೊಲ್ಲಾಪುರದಲ್ಲಿರುವ ಅಣ್ಣ ನೇಮನಿಷ್ಠೆಯವನು. ಅವನಿಗೆ ಫೋನು ಮಾಡಿದೆ.

"ಮಾತಾಡಬ್ಯಾಡ. ಕೆಮ್ಮು," ಎಂದ. "ಕೆಮ್ಮಿಗೆ ಶಾಸ್ತ್ರದಾಗ ಅಡ್ಡಿ ಇಲ್ಲ."

"ಕೆಮ್ಮಿದರ ಎದಿಗೆ ಜಗ್ಗತದ."

"ಹಂಗಾದರ ತಂಬಿಗಿ ಬಾರಿಸು."

ಹೀಗೆ ನಿರ್ಣಯವಾಯಿತು. ಅವಳು ಕರೆದಾಗ ನಾನು ತಂಬಿಗೆಯಿಂದ ಸ್ಟೀಲ್ ಬಕೆಟ್ಟಿಗೆ ಒಮ್ಮೆ ಬಡಿಯತಕ್ಕದ್ದು. ವಾರ ಕಳೆಯುವುದರೊಳಗೆ ಕೆಳಗಿನ ಮನೆಯಾಕೆ, ನಿಮ್ಮಲ್ಲಿ ಯಾವ ವ್ರತ ನಡೆದಿದೆ ಎಂದು ವಿಚಾರಿಸಿದರು.

ಅಷ್ಟರಲ್ಲಿ ಇನ್ನೊಂದು ಗೊಂದಲ. ಮಲ ಸಲೀಸಾಗಲಿ ಎಂದು ಔಷಧದ ಅಂಗಡಿಯಿಂದ ಇಸಬಗೋಲ ತಂದಿದ್ದೆ. ಡಬ್ಬಿಯ ಮೇಲೆ ತುಂಬಿದ ಗ್ಲಾಸು ನೀರಿನೊಡನೆ ಎಂದಿತ್ತು. ಡಾಕ್ಟರು ನೀರು ಕಡಿಮೆ ಎಂದಿದ್ದರು. ಇಬ್ಬರನ್ನೂ ನೋಯಿಸಬಾರದೆಂದು ನಾನು ಎರಡು ಚಮಚ ಪುಡಿಯನ್ನು ಅರ್ಧ ಕಪ್ಪು ನೀರಿನಲ್ಲಿ ನುಂಗುತ್ತ ಬಂದೆ. ಅದು ಒಳಗೆ ಸಿಮೆಂಟಾಯಿತು. ಮೂರು ದಿನ ಏನೂ ಇಲ್ಲ.

ನಾಲ್ಕನೆಯ ದಿನ ತಿಣುಕಿದೆ. ಒಪ್ಪಿಕೊಳ್ಳುತ್ತೇನೆ. ಉಸಿರು ಬಿಗಿಹಿಡಿದೇ ತಿಣುಕಿದೆ. ಉಸಿರು ಬಿಟ್ಟಾಗ ಗೋಡೆಯ ಮೇಲಿನ ಟ್ಯೂಬ್‌ಲೈಟು ದೂರ ಹೋಯಿತು, ಬೆನ್ನು ತಣ್ಣಗೆ ಬೆವರಿತು.

"ಏನ್ರಿ?" ಹೊರಗಿನಿಂದ ಹೆಂಡತಿ ಕರೆದಳು.

ತಂಬಿಗೆ ನಳದ ಕೆಳಗಿತ್ತು. ಕೈ ಅಲ್ಲಿಗೆ ಹೋಗಲಿಲ್ಲ.

"ಏನ್ರಿ, ಬಡೀರಿ. ಇಲ್ಲಾ ಓ ಅನ್ರಿ. ಬಾಯಿ ತೆಗೀರಿ."

ಆಗ ನಾನು ಸುಮ್ಮನಿದ್ದದ್ದು ನೇಮದಿಂದಲೋ, ದನಿ ಹೊರಡದ್ದರಿಂದಲೋ, ನನಗೆ ಇವತ್ತಿಗೂ ತಿಳಿಯದು. ಮಾತಾಡುವ ಮೊದಲು ಜನಿವಾರ ಇಳಿಸಬೇಕಲ್ಲ ಎಂದು ಕಿವಿಯತ್ತ ಕೈ ಎತ್ತಿದ ನೆನಪಿದೆ. ಅದು ಮುಟ್ಟಿತೋ ಇಲ್ಲವೋ ನೆನಪಿಲ್ಲ.

ಎದುರು ಮನೆಯಾತ ರಾಂಜಣಗಾಂವದ ಕಾರಖಾನೆಯಲ್ಲಿ ಫಿಟ್ಟರು, ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದವನು ಹೆಂಡತಿಯ ಕೂಗಿಗೆ ಓಡಿ ಬಂದನಂತೆ. ನಮ್ಮದು ಪ್ಲಾಸ್ಟಿಕ್ ಬಾಗಿಲು. ಅವನ ಒಂದು ಹೆಗಲಿಗೆ ಚಿಲಕ ಕಿತ್ತುಬಂತು. ನಾನು ಕಣ್ಣು ತೆರೆದಾಗ ಪಡಸಾಲೆಯ ನೆಲದ ಮೇಲೆ, ಟವೆಲ್ಲಿನಲ್ಲಿ ಇದ್ದೆ. "ಕಾಕಾ, ಬೋಲಾ, ಬೋಲಾ," ಮಾತಾಡಿ ಎನ್ನುತ್ತಿದ್ದ ಆತ. ನಾನು ಮಾತಾಡದೆ ಕಿವಿಯನ್ನು ತೋರಿಸಿದೆನಂತೆ. ಪಾಪ, ಕಿವಿ ನೋಯುತ್ತಿದೆ ಎಂದುಕೊಂಡ. ಆಸ್ಪತ್ರೆಯಲ್ಲೂ ಹಾಗೆಯೇ ವರದಿ ಕೊಟ್ಟ. ಎದೆಗಿಂತ ಮೊದಲು ಅವರು ನನ್ನ ಬಲಗಿವಿಯೊಳಗೆ ಬ್ಯಾಟರಿ ಬಿಟ್ಟು ನೋಡಿದರು.

"ಕಿವಿಗೆ ಏನೂ ಆಗಿಲ್ಲ," ಎಂದು ಹೆಂಡತಿ ಮರಾಠಿಯಲ್ಲಿ ತಿದ್ದಿದಳು. "ಅದು ಅವರ ಹಟ."

ಇಸಿಜಿ ತೆಗೆದರು. ಹೃದಯಕ್ಕೆ ಹೊಸ ಪೆಟ್ಟೇನೂ ಬಿದ್ದಿರಲಿಲ್ಲ; ತಿಣುಕಿದ್ದಕ್ಕೆ ರಕ್ತದೊತ್ತಡ ಕುಸಿದು ಎಚ್ಚರ ತಪ್ಪಿತ್ತು. ಡಾಕ್ಟರು ಪುಡಿಯ ಕಥೆ ಕೇಳಿ, ಎರಡು ಮಾತನ್ನು ಅರ್ಧರ್ಧ ಪಾಲಿಸುವ ಬದಲು ಒಂದು ಫೋನು ಮಾಡಬಾರದಿತ್ತೇ ಎಂದರು. ಗುಮಾಸ್ತನಿಗೆ ಆ ದಾರಿ ಹೊಳೆದಿರಲಿಲ್ಲ.

ಎರಡು ದಿನ ಇರಿಸಿಕೊಂಡು ಬಿಟ್ಟರು. ಮರಳುವಾಗ ರಿಕ್ಷಾದಲ್ಲಿ ಹೆಂಡತಿ ಹೊಸ ಸಿರಪ್ಪಿನ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಅಪ್ಪನ್ನೂ ಕರದಿದ್ದೆ," ಎಂದಳು. "ಓ ಅನಲಿಲ್ಲ. ನೇಮದಾಗ ಇದ್ದಾರ ಅಂತ ತಿಳಕೊಂಡು ಒಳಗ ಹೋಗಿ ಚಹಾಕ್ಕ ಇಟ್ಟೆ."

ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಇದನ್ನು ಹೇಳಿರಲಿಲ್ಲ. ನಾನು ಕಿವಿ ಮುಟ್ಟಿ ನೋಡಿಕೊಂಡೆ. ಅಲ್ಲಿ ಏನೂ ಇರಲಿಲ್ಲ.

ಈಗ ಪುಡಿಯ ಬದಲು ಸಿರಪ್ ಇದೆ. ಬಾಗಿಲಿಗೆ ಚಿಲಕ ಹಾಕಿಸಿಲ್ಲ. ಜನಿವಾರವನ್ನು ಕಿವಿಗೆ ಸುತ್ತಿಕೊಂಡೇ ಹೋಗುತ್ತೇನೆ. ಕರೆದರೆ ಓ ಅನ್ನುತ್ತೇನೆ.