ಎದುರುಬದುರಾದ ಎರಡು ಟೆಂಪೊ

ಕಳಲೆಯಲ್ಲಿ ನಾನು ಕಟ್ಟಿಸುತ್ತಿದ್ದ ಮನೆಯ ಮುಂದೆ ಮೂರು ದಿನದಿಂದ ಸಂಜೆ ಹೊತ್ತು ಸುಳಿದಾಡುತ್ತಿದ್ದವನನ್ನು ಕಳ್ಳನೆಂದೇ ತಿಳಿದು ತಡೆದೆ. "ಏನಯ್ಯ, ಕಂಬಿ ಮೇಲೆ ಕಣ್ಣಾ?"

"ಇದೇ ಊರಿನ ಗಾರೆ ಕೆಲಸದೋನು ಸಾ. ನಿಮ್ಮ ಆಳುಗಳು ದಿನಾ ಮೈಸೂರಿಂದ ಟೆಂಪೊದಲ್ಲಿ ಬತ್ತಾರೆ. ನಾವು ಅದೇ ಒತ್ಗೆ ಇನ್ನೊಂದು ಟೆಂಪೊ ಅತ್ತಿ ಮೈಸೂರ್ಗೆ ಓಯ್ತೀವಿ. ಸುಮ್ನೆ ಎರಡು ಗಾಡಿ ಹೊಗೆ ಯಾಕ್ ಸಾ?"

ಕೆಲಸ ಗಿಟ್ಟಿಸುವ ಉಪಾಯವಿರಬೇಕು ಎಂದುಕೊಂಡೆ. ಆದರೂ ಮರುದಿನ ಬೆಳಿಗ್ಗೆ ನಂಜನಗೂಡು ರಸ್ತೆಯಲ್ಲಿ ಕಾದು ನಿಂತೆ. ಹೊಗೆ ಉಗುಳುತ್ತಾ ನಮ್ಮ ಟೆಂಪೊ ಬಂತು. ಅದರ ಪಕ್ಕದಲ್ಲೇ ಅವರದು ಮೈಸೂರಿನತ್ತ ಹಾದುಹೋಯಿತು. ಒಳಗಿನಿಂದ ಆತ ನನಗೆ ಕೈಬೀಸಿದ.

ನನ್ನ ಮೇಸ್ತ್ರಿಯನ್ನೂ ಮೈಸೂರಿನಲ್ಲಿ ಅವರಿಗೆ ಕೆಲಸ ಕೊಡುತ್ತಿದ್ದ ಮೇಸ್ತ್ರಿಯನ್ನೂ ಒಪ್ಪಿಸಿ ಆಳುಗಳನ್ನು ಅದಲುಬದಲು ಮಾಡಿಸಿದೆ. ಈಗ ಎಲ್ಲರೂ ಅವರವರ ಊರಲ್ಲೇ ದುಡಿಯುತ್ತಾರೆ.

ಭೂಮಿ ಬಿಸಿಯಾಗುತ್ತಿದೆ ಎಂದು ಶಾಲೆಯಲ್ಲಿ ಪಾಠ ಹೇಳುವವನು ನಾನು. ಊರಲ್ಲಿ ಕೆಲಸಗಾರರಿದ್ದಾರೆಯೇ ಎಂದು ಮಾತ್ರ ಒಮ್ಮೆಯೂ ವಿಚಾರಿಸಿರಲಿಲ್ಲ.