ಅಕ್ಕನ ಐಡಿ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಎಷ್ಟು ಬೆಳೆದರೂ ಆ ಸೀಳು ಕೂಡಿಕೊಳ್ಳುತ್ತಿರಲಿಲ್ಲ. ಹನ್ನೆರಡು ವರ್ಷ ಕೊಬ್ಬರಿ ಗಿಟುಕಿಗೆ ಆ ಉಗುರನ್ನು ಒತ್ತಿ ಒತ್ತಿ, ಚೆನ್ನಾಗಿ ಒಣಗಿದೆಯೋ, ಒಳಗೆ ಕೆಟ್ಟು ಕೌಟು ಹತ್ತಿದೆಯೋ ಎಂದು ನೋಡಿದ ಕೈ ಅದು. ಆಮೇಲೆ ಅವರು ಕಂಪ್ಯೂಟರಿನ ಮುಂದೆ ಕೂತರು. ಟೈಪ್ ಮಾಡುವಾಗ ಆ ಉಗುರಿಗೆ ಸೆರಗಿನ ನೂಲು ಸಿಕ್ಕಿಕೊಳ್ಳುತ್ತಿತ್ತು. ಅವರು ಮಾತು ನಿಲ್ಲಿಸದೆಯೇ ಎಡಗೈಯಿಂದ ನೂಲು ಬಿಡಿಸಿಕೊಂಡು ಮುಂದುವರಿಸುತ್ತಿದ್ದರು.

ತಿಪಟೂರಿನಲ್ಲಿ ಬೆಳೆಗಾರರಿಂದ ಉಂಡೆ ಕೊಬ್ಬರಿ ಕೊಳ್ಳುವ ಒಂದು ಸಂಸ್ಥೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ನಾನು ಕಂದಿಕೆರೆಯವಳು, ಆಗಷ್ಟೇ ಡಿಪ್ಲೊಮಾ ಮುಗಿಸಿದ್ದೆ, ನನಗೆ ಎಲ್ಲ ಗೊತ್ತು ಎಂಬ ಭ್ರಮೆ ಬೇರೆ. ಕಂಪ್ಯೂಟರ್ ವಿಭಾಗದ ಹಿರಿಯರು ಎಂದು ತೋರಿಸಿದ್ದು ಎಸ್ಸೆಸ್ಸೆಲ್ಸಿ ಓದಿದ ಈ ಹೆಂಗಸನ್ನು. ಗೋಡೌನಿನಲ್ಲಿ ದರ್ಜೆ ವಿಂಗಡಿಸುತ್ತಿದ್ದವರು, ಮೊದಲ ಕಂಪ್ಯೂಟರ್ ಬಂದಾಗ ಮುಟ್ಟಲು ಎಲ್ಲರೂ ಹೆದರಿದರೆಂದು ತಾವೇ ಮುಟ್ಟಿ, ಕೆಡಿಸಿ, ಸರಿಮಾಡಿ ಕಲಿತವರು. ಮೇಡಂ ಎಂದು ಕರೆದೆ. "ಮೇಡಂ ಗೀಡಂ ಬ್ಯಾಡ ಕಣೇ, ಎಲ್ರಂಗೆ ಅಕ್ಕ ಅನ್ನು" ಎಂದರು.

ಆ ವರ್ಷವೇ ಹೆಡ್ ಆಫೀಸಿನವರು ಎಲ್ಲ ಶಾಖೆಗಳ ಹಳೆಯ ದಾಖಲೆಗಳನ್ನೂ ಹೊಸ ಮಾಹಿತಿಯನ್ನೂ ಕ್ಲೌಡ್ ಡೇಟಾ ವೇರ್‌ಹೌಸ್ ಎಂಬಲ್ಲಿ ಒಟ್ಟಿಗೆ ಇಡುವ ಏರ್ಪಾಟು ಮಾಡಿದ್ದರು. ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ ನಮ್ಮ ಮಾಹಿತಿ ಇರುತ್ತದೆ, ಇಲ್ಲಿಯ ತೂಕದ ಪ್ರೋಗ್ರಾಮು, ದರ್ಜೆಯ ಪ್ರೋಗ್ರಾಮು ಎಲ್ಲವೂ ಅಲ್ಲಿಗೆ ಮಾತಾಡಬೇಕು. ನಮ್ಮ ಆಫೀಸಿನಲ್ಲಿ ಅದಕ್ಕೆ ಮೇಲಿನ ಗೋಡೌನು ಎಂದೇ ಹೆಸರು. ಅಲ್ಲಿಗೆ ಸಂಪರ್ಕ ಕೊಡುವ ಡ್ರೈವರನ್ನು ಪ್ರತಿ ಕಂಪ್ಯೂಟರಿಗೂ ಹಾಕುವುದು ನನಗೆ ಬಿದ್ದ ಮೊದಲ ಕೆಲಸ.

"ಡ್ರೈವರ್ ಅಂದ್ರೆ ಏನು ಅಂತ ಗೊತ್ತೇನೇ?" ಎಂದು ಕೇಳಿದರು ಅಕ್ಕ. ನಾನು ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿ. ನಮ್ಮ ಪ್ರೋಗ್ರಾಮು ಹಳ್ಳಿ ರೈತ ಅನ್ಕೋ. ಆ ಮೇಲಿನ ಗೋಡೌನೋನು ದೂರದ ಊರಿನ ವ್ಯಾಪಾರಿ. ಇವನ ಮಾತು ಅವನಿಗೆ ತಿಳಿಯಲ್ಲ, ಅವನದು ಇವನಿಗೆ ತಿಳಿಯಲ್ಲ. ನಡುವೆ ನಿಂತ್ಕಂಡು ಇಬ್ರಿಗೂ ತಿಳಿಯಂಗೆ ಹೇಳೋನೇ ಡ್ರೈವರು" ಎಂದರು.

"ಹಾಗಾದ್ರೆ ದಲ್ಲಾಳಿ ಅನ್ನಿ ಅಕ್ಕ."

"ದಲ್ಲಾಳಿ ಕಮಿಷನ್ ತಗೋತಾನೆ. ಇದು ಪಾಪ, ಏನೂ ತಗೊಳ್ಳಲ್ಲ."

ಎರಡು ದಿನ ಗುದ್ದಾಡಿದರೂ ತೂಕದ ಕಂಪ್ಯೂಟರಿಗೆ ಡ್ರೈವರ್ ಕಾಣಿಸಲೇ ಇಲ್ಲ. ಅಳಿಸಿದೆ, ಮತ್ತೆ ಹಾಕಿದೆ, ವೈರು ಕಿತ್ತು ಚುಚ್ಚಿದೆ, ಕೊನೆಗೆ ಹೆಡ್ ಆಫೀಸಿನವರನ್ನು ಮನಸ್ಸಿನಲ್ಲೇ ಬೈದೆ. ಮೂರನೆಯ ದಿನ ಅಕ್ಕ ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ತೂಕದ ಪ್ರೋಗ್ರಾಮು ಹಳೆಯ ಮೂವತ್ತೆರಡು ಬಿಟ್ಟಿನದು, ನಾನು ಹಾಕಿದ್ದು ಅರವತ್ನಾಲ್ಕರ ಡ್ರೈವರು. "ನೀನು ಕಂಪ್ಯೂಟರು ಹೊಸದು ಅಂತ ನೋಡ್ದೆ, ಪ್ರೋಗ್ರಾಮು ಯಾವ ಕಾಲದ್ದು ಅಂತ ಕೇಳ್ಲಿಲ್ಲ" ಎಂದರು, ಅಷ್ಟೇ. ಬೇರೆಯವರಾಗಿದ್ದರೆ ಆ ಕಥೆಯನ್ನು ಊಟದ ಹೊತ್ತಿಗೆ ಆಫೀಸಿಗೆಲ್ಲ ಹಂಚುತ್ತಿದ್ದರು. ಅಕ್ಕ ಯಾರಿಗೂ ಹೇಳಲಿಲ್ಲ, ನಾನೇ ಮುಂದೆ ಹೇಳಿಕೊಂಡು ನಕ್ಕೆ.

ಸಂಪರ್ಕ ಸರಿಯಾಗಿ ಟೆಸ್ಟ್ ಗುಂಡಿ ಒತ್ತಿದಾಗ ಯಶಸ್ವಿ ಎಂದು ಬಂದರೆ ನಾನು ಕುಣಿಯುವಷ್ಟು ಖುಷಿಪಡುತ್ತಿದ್ದೆ. "ಬಾಗ್ಲು ತೆಗೀತು ಅಷ್ಟೇ ಕಣೇ. ಒಳಗೆ ಹೋಗಿ ಏನು ಮಾಡ್ತೀಯ ಅನ್ನೋದು ಇನ್ಮೇಲೆ" ಎನ್ನುತ್ತಿದ್ದರು ಅಕ್ಕ. ಆ ಮಾತನ್ನು ಪ್ರತಿ ಸಲವೂ ಹೇಳುತ್ತಿದ್ದರು. ನಾನು ಪ್ರತಿ ಸಲವೂ ಹೂಂ ಎನ್ನುತ್ತಿದ್ದೆ.

ಅವರಿಗೆ ಆ ಮೇಲಿನ ಗೋಡೌನಿನ ಮೇಲೆ ಅಷ್ಟು ಅಕ್ಕರೆ ಏಕೆಂದು ನನಗೆ ತಡವಾಗಿ ತಿಳಿಯಿತು. ಉಂಡೆ ಕೊಬ್ಬರಿಗೆ ಕಾಯಿಯನ್ನು ಒಡೆಯದೆ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ನೀರು ಇಂಗಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಯಾವ ಅಟ್ಟದಲ್ಲಿ ಎಷ್ಟು ತಿಂಗಳು ಇತ್ತು, ಹೆಂಚಿನ ಮನೆಯೋ ಆರ್‌ಸಿಸಿಯೋ, ಕೆಳಗೆ ಒಲೆ ಉರಿಯುತ್ತದೋ ಇಲ್ಲವೋ, ಇವನ್ನೆಲ್ಲ ಅಕ್ಕ ಬಂದ ಪ್ರತಿ ಬೆಳೆಗಾರನನ್ನೂ ಕೇಳಿ ದರ್ಜೆಯ ಜೊತೆಗೆ ಸೇರಿಸುತ್ತಿದ್ದರು. ಯಾರೂ ಮಾಡೆಂದು ಹೇಳಿದ ಕೆಲಸವಲ್ಲ. ತೂಕದ ಚೀಟಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ, ಬಾಯಲ್ಲಿ ಕೇಳಿ ನೇರವಾಗಿ ಕಂಪ್ಯೂಟರಿಗೆ. ಒಮ್ಮೆ ಹುಳಿಯಾರು ಕಡೆಯ ಒಬ್ಬರು, ಎರಡು ವರ್ಷದಿಂದ ತಮ್ಮ ಕೊಬ್ಬರಿಯಲ್ಲಿ ಕೌಟು ಹೆಚ್ಚುತ್ತಿದೆ ಎಂದು ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಅಕ್ಕ ಹಳೆಯ ವಿವರ ತೆಗೆದು ನೋಡಿ, "ಅಣ್ಣ, ನೀವು ಮನೆ ಹಿಂದ್ಲ ಅಟ್ಟಕ್ಕೆ ಹಾಕಿದ ಕಾಯಿ ಮಾತ್ರ ಕೆಡ್ತಾ ಐತೆ. ಮುಂದಿನ ಅಟ್ಟದ್ದು ಚೆನ್ನಾಗೈತೆ. ಹಿಂದ್ಲ ಹೆಂಚು ಒಂದ್ಸಲ ಹತ್ತಿ ನೋಡಿ" ಎಂದರು. ಆ ಮನುಷ್ಯ ಮುಂದಿನ ವಾರ ಎಳನೀರು ಹೊತ್ತುಕೊಂಡು ಬಂದರು. ಮೂರು ಹೆಂಚು ಒಡೆದಿದ್ದವಂತೆ. "ನಮ್ಮಟ್ಟ ನಾನು ನೋಡಿರ್ಲಿಲ್ಲ, ಇವ್ರು ಇಲ್ಲೇ ಕುಂತ್ಕಂಡು ನೋಡವ್ರೆ ಕಣ್ರೀ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಅಕ್ಕ ಆ ದಿನವೆಲ್ಲ ಸುಮ್ಮಸುಮ್ಮನೆ ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ಬಲು ಬಿಗಿ. ಡ್ರೈವರಿನಲ್ಲಿ ಯಾರ ಐಡಿ ಹಾಕಿದೆಯೋ ಅವರ ಹೆಸರಿನಲ್ಲೇ ಎಲ್ಲವೂ ಮೇಲೆ ದಾಖಲಾಗುತ್ತದೆ. ಆದ್ದರಿಂದ ಅವರವರ ಐಡಿ ಅವರವರಿಗೆ. ತಾವು ಕೆಲಸ ಮಾಡುವ ಕಂಪ್ಯೂಟರುಗಳಿಗೆಲ್ಲ ಅಕ್ಕ ತಾವೇ ಕೂತು ತಮ್ಮದನ್ನು ಹಾಕಿದ್ದರು. "ಚೀಟಿ ಮೇಲೆ ತೂಕ ಮಾಡ್ದೋರ ಸಹಿ ಇರಲ್ವಾ? ಹಂಗೆ ಇದು" ಎನ್ನುತ್ತಿದ್ದರು.

ದರ್ಜೆಯ ಹೊಸ ಪ್ರೋಗ್ರಾಮು ಬಂದಾಗ ನನ್ನ ಐಡಿ ಇನ್ನೂ ಬಂದಿರಲಿಲ್ಲ. ಹೆಡ್ ಆಫೀಸಿಗೆ ಬರೆದು ಹದಿನೈದು ದಿನವಾಗಿತ್ತು. ಸೋಮವಾರ ನಿರ್ದೇಶಕರು ನೋಡಲು ಬರುತ್ತಾರೆ, ಅಷ್ಟರಲ್ಲಿ ಅದು ನಡೆಯದಿದ್ದರೆ ನಿನ್ನ ಕೆಲಸ ಕಾಯಂ ಮಾಡುವ ಮಾತು ಮರೆತುಬಿಡು ಎಂದು ಮ್ಯಾನೇಜರ್ ನನಗೆ ಹೇಳಿಬಿಟ್ಟರು. ಶನಿವಾರ ಮಧ್ಯಾಹ್ನ ನಾನು ಕಂಪ್ಯೂಟರಿನ ಮುಂದೆ ಕೂತು ಅತ್ತೆ. ಅಕ್ಕ ನೋಡಿದರು, ಹೋದರು, ಮತ್ತೆ ಬಂದರು.

"ಎದ್ದೇಳೇ ಆ ಕಡೆ" ಎಂದರು. ನನ್ನ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕೀಬೋರ್ಡು ಮರೆಮಾಡಿಕೊಂಡು, ಡ್ರೈವರಿನಲ್ಲಿ ತಮ್ಮ ಐಡಿಯನ್ನೂ ಪಾಸ್‌ವರ್ಡನ್ನೂ ಹಾಕಿದರು. "ನಿಂದು ಬಂದ ದಿನವೇ ಬದಲಾಯಿಸ್ಕೋಬೇಕು. ಮರೀಬ್ಯಾಡ" ಎಂದರು.

ನನ್ನದು ಗುರುವಾರ ಬಂತು. ಮೇಲ್ ನೋಡಿದೆ. ಹಾಕಿಕೊಂಡರಾಯಿತು ಬಿಡು ಎಂದು ಬಿಟ್ಟೆ. ನಿಜ ಹೇಳಬೇಕೆಂದರೆ ಮರೆತದ್ದಲ್ಲ. ಅಕ್ಕನ ಐಡಿಗೆ ಎಲ್ಲ ಅಧಿಕಾರವೂ ಇತ್ತು, ಯಾವ ಕೆಲಸಕ್ಕೂ ತಡೆ ಬರುತ್ತಿರಲಿಲ್ಲ. ನನ್ನದಕ್ಕೆ ನೋಡುವ ಅಧಿಕಾರ ಮಾತ್ರ, ಮಿಕ್ಕದ್ದಕ್ಕೆಲ್ಲ ಯಾರನ್ನಾದರೂ ಕೇಳಬೇಕು. ಆ ಸುಖಕ್ಕೆ ಬಿದ್ದೆ.

ಮರುವಾರ ಪ್ರೋಗ್ರಾಮು ಒಂದು ಪ್ರಶ್ನೆ ಕೇಳಿತು: ಹಳೆಯದನ್ನು ತೆಗೆದು ಹೊಸದಾಗಿ ತುಂಬಬೇಕೇ? ನಮ್ಮ ಕಂಪ್ಯೂಟರಿನಲ್ಲಿರುವ ಆ ತಿಂಗಳಿನ ನಕಲಿನ ಮಾತು ಎಂದುಕೊಂಡು ಹೌದು ಎಂದು ಒತ್ತಿದೆ. ಅದು ಮೇಲಿನ ಗೋಡೌನಿನ ಮಾತು. ಅಕ್ಕನ ಐದು ವರ್ಷದ ದಾಖಲೆ ಅಳಿಸಿ, ಆ ಜಾಗದಲ್ಲಿ ಆ ತಿಂಗಳದ್ದು ಮಾತ್ರ ತುಂಬಿಕೊಂಡಿತು. ನನ್ನದೇ ಐಡಿ ಇದ್ದಿದ್ದರೆ ನಿನಗೆ ಅನುಮತಿಯಿಲ್ಲ ಎಂದು ಅಲ್ಲೇ ನಿಂತುಹೋಗುತ್ತಿತ್ತು.

ಗೊತ್ತಾದದ್ದು ಮೂರು ವಾರದ ಮೇಲೆ, ಯಾರೋ ಬೆಳೆಗಾರರು ಬಂದು ತಮ್ಮ ಅಟ್ಟದ ವಿವರ ಕೇಳಿದಾಗ. ಅಕ್ಕ ತೆಗೆದು ನೋಡಿದರು, ಮತ್ತೆ ತೆಗೆದು ನೋಡಿದರು. ಅಳಿಸಿದ್ದನ್ನು ವಾಪಸು ತರುವ ಗಡುವು ಮುಗಿದಿದೆ ಎಂದರು ಹೆಡ್ ಆಫೀಸಿನವರು. ತೂಕ, ದರ್ಜೆ ಹಳೆಯ ಚೀಟಿಗಳಿಂದ ಮತ್ತೆ ಬರೆಯಬಹುದಿತ್ತು. ಅಟ್ಟದ ವಿವರ ಯಾವ ಚೀಟಿಯಲ್ಲೂ ಇರಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ನಾವು ಮೂವರು, ಫೋನಿನಲ್ಲಿ ಹೆಡ್ ಆಫೀಸಿನ ಒಬ್ಬರು. ಅಳಿಸಿದ ದಿನ, ಗಂಟೆ, ಐಡಿ ಎಲ್ಲವನ್ನೂ ಅವರು ಓದಿ ಹೇಳಿದರು. ಆಮೇಲೆ ಮ್ಯಾನೇಜರ್ ಕೇಳಿದರು: "ನಿಮ್ಮ ಐಡಿ ಬೇರೆ ಯಾರಾದ್ರೂ ಬಳಸ್ತಿದ್ರಾ?"

ಅಕ್ಕ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. "ಐಡಿ ನಂದು ಸಾರ್. ತಪ್ಪು ನಂದೇ" ಎಂದರು ಅಕ್ಕ. ನಾನು ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ. ಮಾತು ಗಂಟಲಿನವರೆಗೆ ಬಂದಿತ್ತು ಎಂದು ಬರೆದರೆ ಅದೂ ಸುಳ್ಳೇ. ಬಂದಿರಲಿಲ್ಲ. ಬದುಕಿದೆ ಎನಿಸಿತ್ತು.

ಅವರನ್ನು ಕಂಪ್ಯೂಟರಿನಿಂದ ತೆಗೆದು ದಬ್ಬೇಘಟ್ಟದ ಖರೀದಿ ಕೇಂದ್ರಕ್ಕೆ ಹಾಕಿದರು, ಮತ್ತೆ ಉಗುರಿನಿಂದ ದರ್ಜೆ ನೋಡುವ ಕೆಲಸಕ್ಕೆ. ಹೊರಡುವ ದಿನ ಮೇಜು ಒರೆಸಿ, ನನ್ನನ್ನು ಕರೆದು, "ಎಲ್ಲಾ ಕಂಪ್ಯೂಟರಲ್ಲೂ ಡ್ರೈವರಿಂದ ನನ್ನ ಐಡಿ ತೆಗೆದು ನಿಂದು ಹಾಕು. ಒಂದೂ ಬಿಡಬ್ಯಾಡ" ಎಂದರು. ಬೈಗುಳವಿಲ್ಲ, ಒಂದು ಕೊಂಕು ಮಾತಿಲ್ಲ. ಆ ಸಂಜೆ ಎಲ್ಲ ಕಂಪ್ಯೂಟರುಗಳ ಮುಂದೆಯೂ ಕೂತು ಅವರ ಹೆಸರು ಅಳಿಸಿದೆ. ಪ್ರತಿಯೊಂದರಲ್ಲೂ ಟೆಸ್ಟ್ ಯಶಸ್ವಿ ಎಂದು ಬಂತು. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು.

ಅಕ್ಕನ ಮನೆ ತಿಪಟೂರಿನಲ್ಲೇ. ಬೆಳಗ್ಗೆ ದಬ್ಬೇಘಟ್ಟಕ್ಕೆ ಹೋಗಲು ತುರುವೇಕೆರೆ ಕಡೆಯ ಎಂಟರ ಬಸ್ಸಿಗೆ ಅವರು ನಿಲ್ಲುವ ಹೊತ್ತಿಗೇ ನಾನು ಬಸ್ ನಿಲ್ದಾಣದ ಮುಂದೆ ಹಾದು ಆಫೀಸಿಗೆ ನಡೆದು ಹೋಗಬೇಕಿತ್ತು. ಮೊದಲ ದಿನ ದೂರದಿಂದಲೇ ಅವರ ಚೀಲ ಗುರುತಿಸಿ ಹಿಂದಿನ ಬೀದಿಗೆ ತಿರುಗಿಕೊಂಡೆ. ಮರುದಿನವೂ ಹಾಗೇ. ಆ ಸುತ್ತು ದಾರಿಯಲ್ಲಿ ಕಾಯಿಮಟ್ಟೆ ರಾಶಿ, ಲಾರಿಗಳ ಧೂಳು, ನೆರಳೇ ಇಲ್ಲ. ಹದಿನಾರು ದಿನ ಹಾಗೆ ನಡೆದೆ. ಹದಿನೇಳನೆಯ ದಿನ ಇಣುಕಿದರೆ ಅವರು ಅಲ್ಲಿರಲಿಲ್ಲ, ಆಮೇಲೂ ಕಾಣಲಿಲ್ಲ. ಬಸ್ಸಿನ ವೇಳೆ ಬದಲಾಗಿರಬೇಕು, ಪೀಡೆ ಕಳೆಯಿತು ಎಂದುಕೊಂಡು ನೇರ ದಾರಿಯಲ್ಲೇ ಓಡಾಡತೊಡಗಿದೆ. ಹೌದು, ಅಕ್ಕನ ವಿಷಯದಲ್ಲಿ ಆ ಮಾತು ನನ್ನ ಮನಸ್ಸಿಗೆ ಬಂದಿತ್ತು.

ಎರಡು ವರ್ಷ ಹೀಗೆ ಕಳೆಯಿತು. ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ, ರಜೆ ಹಾಕಿದ್ದಾರೆ ಎಂದು ತೂಕದವರು ಹೇಳಿದರು. ಭಾನುವಾರ ಹೋಗಿ ನೋಡಬೇಕು, ಎಲ್ಲ ಹೇಳಿಬಿಡಬೇಕು ಎಂದುಕೊಂಡೆ. ಮೂರು ಭಾನುವಾರ ಹೀಗೆಯೇ ಅಂದುಕೊಂಡೆ. ನಾಲ್ಕನೆಯ ಭಾನುವಾರಕ್ಕೆ ಅಕ್ಕ ಇರಲಿಲ್ಲ.

ಅಕ್ಕನ ಶಿವಗಣಾರಾಧನೆಯ ದಿನ ಅವರ ಮನೆಗೆ ಹೋದೆ. ಅವರ ಯಜಮಾನರು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು, ಮೆತ್ತಗಿನ ಮಾತಿನ ಮನುಷ್ಯ. ಊಟ ಮುಗಿದು ಜನ ಕರಗಿದ ಮೇಲೆ ಅವರ ಎದುರು ನಿಂತು, ಆ ದಾಖಲೆ ಅಳಿಸಿದ್ದು ನಾನು ಎಂದೆ. ಎರಡು ವರ್ಷ ಹೊತ್ತುಕೊಂಡದ್ದನ್ನು ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ.

"ಗೊತ್ತು ಕಣವ್ವ, ಅವತ್ತೇ ಹೇಳಿದ್ಲು" ಎಂದರು ಅವರು. "ನನಗೆ ಸಿಟ್ಟು ಬಂದಿತ್ತು. ಆಫೀಸಿಗೆ ಬತ್ತೀನಿ ಅಂದೆ. ಬುಡಿ, ಇನ್ನೂ ಹುಡುಗಿ, ಕೆಲಸ ಹೋದ್ರೆ ಅವರ ಮನೇಲಿ ಇನ್ನು ದುಡಿಯೋದೂ ಬ್ಯಾಡ ಏನೂ ಬ್ಯಾಡ ಅಂತ ಮದ್ವೆ ಮಾಡಿ ಕಳಿಸ್ತಾರೆ ಅಂದ್ಲು."

ನಾನು ಅಳಲು ಶುರು ಮಾಡಿದೆ. ಅವರು ಸಮಾಧಾನ ಮಾಡಲೆಂದೇ ಮುಂದಿನ ಮಾತು ಹೇಳಿದ್ದು. ಅದರಲ್ಲಿ ನನ್ನನ್ನು ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ.

"ನಿನ್ನ ಮ್ಯಾಲೆ ಅವಳಿಗೆ ಕೋಪ ಇರ್ಲಿಲ್ಲ ಕಣವ್ವ. ‘ಬಸ್ ಸ್ಟ್ಯಾಂಡ್ ತಾವ ನನ್ನ ನೋಡಿ ಆ ಹುಡುಗಿ ಬಿಸ್ಲಲ್ಲಿ ಸುತ್ತಾಕ್ಕಂಡು ಹೋಗ್ತದೆ, ಪಾಪ’ ಅಂತ ಹೇಳಿ, ಆರೂವರೆ ಬಸ್ಸಿಗೇ ಹೋಗಕ್ಕೆ ಶುರು ಮಾಡ್ಕಂಡ್ಲು. ಅಲ್ಲಿ ಬಾಗ್ಲು ತೆಗಿಯೋದು ಒಂಬತ್ತೂವರೆಗೆ. ಅಲ್ಲೀಗಂಟ ಜಗಲಿ ಮ್ಯಾಲೆ ಕುಂತಿರೋಳು. ಹೊಟ್ಟೆನೋವು ಜಾಸ್ತಿ ಆದ್ಮೇಲೆ ಎಂಟರ ಬಸ್ಸಿಗೇ ಹೋಗೇ ಅಂದ್ರೂ ಕೇಳ್ಲಿಲ್ಲ."

ನಾನು ಆ ಹಿಂದಿನ ಬೀದಿಯಲ್ಲಿ ನಡೆದದ್ದು ಹದಿನಾರು ದಿನ. ಅಕ್ಕ ಆರೂವರೆಯ ಬಸ್ಸಿಗೆ ಹೋದದ್ದು ಎರಡು ವರ್ಷ.