ಹಮೀದರ ಕೊನೆಯ ದೂರು

ನಮ್ಮ ಪಂಪ್ ರಿಪೇರಿ ಕಚೇರಿಯಲ್ಲಿ ಗ್ರಾಹಕರ ದೂರುಗಳೆಲ್ಲ ಕಂಪ್ಯೂಟರಿನಲ್ಲಿರುತ್ತವೆ. ಮೆಕ್ಯಾನಿಕ್ ಹಮೀದ್ ತೀರಿಕೊಂಡ ಮೇಲೆ ಅವರು ನೋಡುತ್ತಿದ್ದ ಕಲ್ಲುಗುಂಡಿ ಕಡೆಯ ದೂರುಗಳ ಪ್ರಾಜೆಕ್ಟನ್ನು ನಾನೇ ಆರ್ಕೈವ್ ಮಾಡಿ ಬದಿಗಿಟ್ಟಿದ್ದೆ. ಆಮೇಲೊಂದು ದಿನ ಅವರ ಹೆಂಡತಿ ಬಂದರು.

"ಅವರು ಬರೆದದ್ದು ಎಂತಾದರೂ ಉಂಟಾ ಮೇಡಂ? ಅಳಿಸಿದ್ರಾ?"

"ಇಲ್ಲಮ್ಮ, ಅಟ್ಟಕ್ಕೆ ಹಾಕಿದ ಹಾಗೆ ಅಷ್ಟೆ," ಎಂದು ರಿಸ್ಟೋರ್ ಒತ್ತಿದೆ. ದೂರುಗಳೆಲ್ಲ ಮರಳಿ ಬಂದವು. ಪ್ರತಿಯೊಂದರ ಕೆಳಗೂ ಹಮೀದರ ಟಿಪ್ಪಣಿ: ಪಂಪ್ ಸರಿಯಾಯಿತು, ಚಹಾ ಆಯಿತು, ಅವಲಕ್ಕಿಯೂ ಆಯಿತು.

"ಬೆಳಗ್ಗಿಂದ ಎಂತದೂ ತಿನ್ಲಿಲ್ಲ ಅಂತ ಮನೆಗೆ ಬಂದು ಪುನಃ ಉಣ್ತಿದ್ರು ಮಾರಾಯ್ರೆ!" ನಗುತ್ತಲೇ ಅವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ವಾಪಸ್ ಅಟ್ಟಕ್ಕೆ ಹಾಕ್ಬೇಡಿ."

ಕೊನೆಯ ದೂರಿನ ಕೆಳಗೆ 'ನಾಳೆ ಹೋಗ್ತೇನೆ' ಎಂದಷ್ಟೇ ಇತ್ತು. ಆ ಪಂಪನ್ನು ಬೇರೆಯವರು ಎಂದೋ ಸರಿಮಾಡಿದ್ದಾರೆ. ಆದರೂ ಆ ದೂರನ್ನು ನಾನು ಮುಗಿಸಿಲ್ಲ, ಅದು ಇನ್ನೂ ಅವರ ಹೆಸರಿನಲ್ಲೇ ಇದೆ. ಈಗ ಪ್ರತಿ ಸೋಮವಾರ ಕಂಪ್ಯೂಟರ್ ನನ್ನನ್ನು ಎಚ್ಚರಿಸುತ್ತದೆ: ಹಮೀದ್ ತಡ ಮಾಡಿದ್ದಾರೆ. ನಾನು ಅವರಿಗೆ ಇನ್ನೊಂದು ವಾರ ಕೊಡುತ್ತೇನೆ.